ಎಡಸುತ್ತಿನವನು

ಬಸವನಗುಡಿ
೧೨ ನವೆಂಬರ್ ೨೦೨೪

ಅಕ್ಕ,

ನಿನ್ನ ಕಾಗದ ಬಂದು ವಾರವಾಯಿತು. ಫೋನಿನಲ್ಲಿ ನಿನಗೆ ಏನೂ ಕೇಳಿಸುವುದಿಲ್ಲ. ಶ್ರೀವಿದ್ಯಾಳ ಕೈಲಿ ಹೇಳಿಸೋಣವೆಂದರೆ ನಾನಾಡಿದ ಹತ್ತು ಮಾತು ನಿನ್ನ ಹತ್ತಿರ ಬರುವಷ್ಟರಲ್ಲಿ ಎರಡಾಗಿರುತ್ತದೆ. ನಿನ್ನ ಸೊಸೆಯನ್ನು ದೂರುತ್ತಿಲ್ಲ, ಇದ್ದದ್ದು ಹೇಳಿದೆ. ಧಾರವಾಡ ಸೇರಲು ಕಾಗದಕ್ಕೆ ಐದು ದಿನ ಹಿಡಿದರೂ ಅದು ಪೂರ್ತಿ ಬರುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ಅಮ್ಮನ ಎರಡೆಳೆ ಸರ ಸಿಗಲಿಲ್ಲ. ಸ್ಟೇಷನ್ನಿನಲ್ಲಿ ಮೂರನೇ ಸಲ ಕೇಳಿದರು, "ಅಮ್ಮಾ, ಗಾಡಿ ನಂಬರ್ ನೋಡಿದ್ರಾ?" ಕತ್ತಿಗೆ ಕೈ ಹಾಕಿ ಕಿತ್ತುಕೊಂಡು ಹೋಗುವವನ ನಂಬರನ್ನು ಯಾವ ಪುಣ್ಯಾತ್ಗಿತ್ತಿ ಓದುತ್ತಾಳೆ? ಆಗಸ್ಟಿನಿಂದ ನನಗೆ ನಿದ್ದೆಯೇ ಇಲ್ಲ ಅಕ್ಕ. ಹಿಂದೆ ಒಂದು ಸ್ಕೂಟರ್ ಸದ್ದಾದರೂ ಎದೆ ಡವಡವ ಅನ್ನುತ್ತದೆ. ಗಾಂಧಿ ಬಜಾರಿಗೆ ಹೋಗುವುದಕ್ಕೂ ಇವರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಇವರೋ, ರಾಮಾನುಜ ಸ್ವಾಮಿಗಳು, ನಾಲ್ಕು ಹೆಜ್ಜೆ ಮುಂದೆ ಹೋಗಿ ಯಾರ ಜೊತೆಗೋ ಮಾತಿಗೆ ನಿಂತಿರುತ್ತಾರೆ.

ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು. "ಇದು ಸ್ಟ್ರೆಸ್ಸು ಕಣಮ್ಮ. ಇನ್ನೊಂದು ಮಾತ್ರೆ ಜಾಸ್ತಿ ಮಾಡೋಕೆ ಮುಂಚೆ ಮೂರು ತಿಂಗಳು ನಡೀರಿ. ದಿನಾ ಮುಕ್ಕಾಲು ಗಂಟೆ. ರೋಡಲ್ಲಿ ಬೇಡ, ಪಾರ್ಕಲ್ಲಿ. ಮನೇಲೇ ಕೂತ್ರೆ ಇನ್ನು ಆರು ತಿಂಗಳಿಗೆ ಹೊಸಿಲು ದಾಟೋಕೂ ಭಯ ಆಗುತ್ತೆ ನಿಮಗೆ" ಅಂದರು. ಆ ಕೊನೆಯ ಮಾತು ನನ್ನನ್ನು ಹೆದರಿಸಿತು.

ಆದ್ದರಿಂದ ಹೋಗುತ್ತಿದ್ದೇನೆ. ನಮ್ಮ ಪಾರ್ಕನ್ನು ಹೊಸದಾಗಿ ಮಾಡಿದ್ದಾರೆ. ಗೇಟಿನಲ್ಲಿ ಮೆಟ್ಟಿಲು ತೆಗೆದು ಇಳಿಜಾರು ಮಾಡಿ, ಒಂದು ಕಲ್ಲೂ ಎಡವದ ಹಾಗೆ ಸುತ್ತ ದಾರಿ ಹಾಸಿದ್ದಾರೆ. ಕಣ್ಣು ಕಾಣದವರಿಗೆಂದು ಹಳದಿ ಉಬ್ಬುಕಲ್ಲಿನ ಪಟ್ಟಿ. ಐವತ್ತು ಹೆಜ್ಜೆಗೊಂದು ಬೆಂಚು. ನಡುವೆ ಅರಳಿಕಟ್ಟೆ, ನಾಗರಕಲ್ಲು ಹಾಗೇ ಇವೆ. ದಾರಿಯ ಒಳಬದಿಗೆ ಸೊಂಟದೆತ್ತರದ ಸ್ಟೀಲ್ ಕಂಬಿ ಹಾಕಿದ್ದಾರೆ, ಗಿಡ ತುಳಿಯದಿರಲಿ ಎಂದಿರಬೇಕು. ನಾವು ಹೆಂಗಸರು ಅದಕ್ಕೆ ಸ್ವೆಟರು, ಚೀಲ ತೂಗುಹಾಕಿ, ಒರಗಿ ನಿಂತು ಹರಟುತ್ತೇವೆ. ನನ್ನ ಜೊತೆಗಾತಿ ಮುನಿಲಕ್ಷ್ಮಮ್ಮ. ಆಕೆಯ ಯಜಮಾನರು ಮರಿಯಣ್ಣ ವಾಯುವಿಹಾರಿಗಳ ಸಂಘದ ಅಧ್ಯಕ್ಷರು.

ಹತ್ತು ದಿನ ನಡೆದ ಮೇಲೆ ಒಂದು ರಾತ್ರಿ ಐದು ಗಂಟೆ ಮಲಗಿದೆ. ಗೆದ್ದೆ ಅಂದುಕೊಂಡೆ.

ಆದರೆ ಅಲ್ಲೊಬ್ಬ ಬರುತ್ತಾನೆ ಅಕ್ಕ. ನಡುವೆ ಅರಳಿಕಟ್ಟೆ ಇರುವುದರಿಂದ ನಾವೆಲ್ಲ ಪ್ರದಕ್ಷಿಣೆಯಾಗಿ, ಬಲಸುತ್ತು ಸುತ್ತುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ, ಕಾಲು ತಾನೇ ಹಾಗೆ ಹೋಗುತ್ತದೆ. ಇವನೊಬ್ಬ ಮಾತ್ರ ಎಡಸುತ್ತು. ಸುತ್ತಿಗೊಮ್ಮೆ ಎದುರಿಗೆ ಬರುತ್ತಾನೆ. ಬಲಗೈ ಯಾವಾಗಲೂ ಜರ್ಕಿನ್ ಜೇಬಿನಲ್ಲಿ. ಒಂದು ದಿನವೂ ಆ ಕೈ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ಅದರಲ್ಲಿ ಏನು ಹಿಡಿದುಕೊಂಡಿದ್ದಾನೋ!

ಇವರಿಗೆ ಹೇಳಿದರೆ, "ಪಾಪ, ಏನೋ ಇರ್ಬೇಕು ಬಿಡೇ" ಅಂದರು. ಸರ ಹೋದ ದಿನವೂ ಇವರಂದದ್ದು "ಬಿಡೇ" ಅಂತಲೇ.

ನಿನ್ನ
ಚೂಡಾಮಣಿ


ಧಾರವಾಡ
೨೧ ನವೆಂಬರ್ ೨೦೨೪

ಚೂಡಿ,

ನಿನ್ನ ಅಕ್ಷರ ಹಾಳಾಗಿದೆ. ನಲವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದ ನನಗೆ ನಿನ್ನ 'ಳ' ನೋಡಿ ಕೆಂಪು ಪೆನ್ನು ಹುಡುಕುವ ಹಾಗಾಯಿತು. ಎಪ್ಪತ್ತೊಂದಾದರೂ ನನ್ನ ಗೆರೆ ಒಂದಿಷ್ಟು ಅಲುಗುವುದಿಲ್ಲ, ನೋಡಿ ಕಲಿ.

ನಡೆಯುವುದನ್ನು ಬಿಡಬೇಡ. ಆ ಮನುಷ್ಯನ ವಿಷಯ ಕೇಳಿ ನನಗೂ ಸರಿ ಅನ್ನಿಸಲಿಲ್ಲ. ಎಡಸುತ್ತು ಸುತ್ತುವುದು ಎಲ್ಲಿ, ಯಾವ ಕಾಲದಲ್ಲಿ ಎಂದು ನಿನಗೆ ಗೊತ್ತು. ಸತ್ತವರ ಸುತ್ತ. ಬೆಳಗಿನ ಹೊತ್ತು, ಅದೂ ನಾಗರಕಲ್ಲಿನ ಸುತ್ತ ಅಪ್ರದಕ್ಷಿಣೆ ಬರುವವನು ಒಂದೋ ತಿಳಿಗೇಡಿ, ಇಲ್ಲ ಬೇಕೆಂದೇ ಮಾಡುವವನು. ವಯಸ್ಸೆಷ್ಟು? ಮುಖ ಹೇಗಿದೆ? ಯಾರ ಜೊತೆ ಬರುತ್ತಾನೆ? ಬರೀ "ಒಬ್ಬ" ಅಂದರೆ ನಾನು ಇಲ್ಲಿಂದ ಏನು ತಿಳಿಯಲಿ?

ಮಗರಾಯ ಆತ್ರೇಯ ಯೂನಿವರ್ಸಿಟಿಯ ಕೆಲಸ ಅಂತ ಮನೆಯಲ್ಲಿರುವುದೇ ಕಡಿಮೆ. ಶ್ರೀವಿದ್ಯಾ ನನಗೆ ಉಪ್ಪು ಕಡಿಮೆ ಹಾಕಿ ಬಡಿಸುತ್ತಾಳೆ. ನನಗೆ ತಿಳಿಯುವುದಿಲ್ಲ ಅಂದುಕೊಂಡಿದ್ದಾಳೆ.

ಕತ್ತಿಗೆ ಬರೀ ಕರಿಮಣಿ ಹಾಕಿಕೊಂಡು ಹೋಗು. ಸೆರಗು ಹೊದ್ದುಕೋ.

ರಂಗನಾಯಕಿ


ಬಸವನಗುಡಿ
೨ ಡಿಸೆಂಬರ್ ೨೦೨೪

ಅಕ್ಕ,

ಕಳೆದ ಸೋಮವಾರ ಕಡಲೆಕಾಯಿ ಪರಿಷೆ. ಮೂರು ದಿನ ರಸ್ತೆ ತುಂಬ ಜನ, ಪೀಪಿ, ಸಿಪ್ಪೆ. ನಾನು ಹೊರಗೆ ಕಾಲಿಡಲಿಲ್ಲ. ಅಷ್ಟು ಜನರ ನಡುವೆ ಯಾರ ಕೈ ಎಲ್ಲಿರುತ್ತದೋ. ನಿನಗೆಂದು ಇವರ ಕೈಲಿ ಒಂದು ಸೇರು ತರಿಸಿ ಹುರಿದಿಟ್ಟಿದ್ದೇನೆ.

ನೀನು ಕೇಳಿದ್ದಕ್ಕೆಲ್ಲ ಉತ್ತರ. ವಯಸ್ಸು ಅರವತ್ತೈದರ ಆಚೆ. ಒಂದೊಂದು ದಿನ ಗಡ್ಡ ಅರ್ಧಂಬರ್ಧ ಕೆರೆದಿರುತ್ತಾನೆ. ಬೆಳಿಗ್ಗೆ ಆರೂವರೆಗೆ ಒಬ್ಬಳು ಹುಡುಗಿ ಸ್ಕೂಟರಿನಲ್ಲಿ ಗೇಟಿನ ಹತ್ತಿರ ಇಳಿಸಿ ಹೋಗುತ್ತಾಳೆ, ಏಳೂಕಾಲಿಗೆ ಬಂದು ಕರೆದುಕೊಂಡು ಹೋಗುತ್ತಾಳೆ. ಸ್ಕೂಟರ್! ಹೆಲ್ಮೆಟ್ಟಿನ ಗಾಜು ಇಳಿಬಿಟ್ಟಿರುವುದರಿಂದ ಮುಖ ಕಾಣುವುದಿಲ್ಲ. ನನ್ನ ಸರ ಎಳೆದವರು ಇಬ್ಬರು, ಹಿಂದೆ ಕೂತವನೇ ಎಳೆದದ್ದು. ಆಗ ಹೆಲ್ಮೆಟ್ ಒಳಗೆ ಗಂಡಿದ್ದನೋ ಹೆಣ್ಣಿದ್ದಳೋ, ನಾನೇನು ಕಂಡೆ?

ನಡಿಗೆ ಆಮೆ ನಡಿಗೆ. ವಾಕಿಂಗಿಗೆ ಬಂದವನು ಹಾಗೆ ನಡೆಯುತ್ತಾನಾ? ಒಂದೊಂದು ಹೆಜ್ಜೆಗೂ ಎಲ್ಲರನ್ನೂ ನೋಡಿಕೊಂಡು ಬರುತ್ತಾನೆ. ನೋಡುವುದಾದರೂ ಎಲ್ಲಿ? ಮುಖವನ್ನಲ್ಲ. ನಾವು ಕಂಬಿಗೆ ಒರಗಿ ನಿಂತಿದ್ದರೆ ಅವನ ಕಣ್ಣು ಕಂಬಿಯ ಮೇಲಿಟ್ಟ ನಮ್ಮ ಕೈಗಳ ಮೇಲೆ, ಬಳೆಗಳ ಮೇಲೆ. ಹತ್ತಿರ ಬಂದು ನಿಂತೇ ಬಿಡುತ್ತಾನೆ. ಅಷ್ಟಗಲ ದಾರಿ ಬಿದ್ದಿದ್ದರೂ ಪಕ್ಕಕ್ಕೆ ಸರಿದು ಹೋಗುವುದಿಲ್ಲ. ನಾವೇ ಕೈ ತೆಗೆದು, ಚೀಲ ತೆಗೆದು, ಸರಿದು ಜಾಗ ಬಿಡಬೇಕು ಆ ಮಹಾರಾಜನಿಗೆ.

ಅದಕ್ಕಿಂತ ಹೆಚ್ಚಿನದು ಕೇಳು. ಬಾಯಲ್ಲಿ ಎಣಿಸುತ್ತಿರುತ್ತಾನೆ. ನನ್ನ ಕಿವಿಯಾರೆ ಕೇಳಿದ್ದೇನೆ. "ಮೂವತ್ತೊಂದು, ಮೂವತ್ತೆರಡು..." ಏನನ್ನು? ಹೆಂಗಸರನ್ನೇ, ಬಳೆಗಳನ್ನೇ? ಶುಕ್ರವಾರ ಮುನಿಲಕ್ಷ್ಮಮ್ಮ ಅಡ್ಡ ನಿಂತು ಕೇಳಿಯೇ ಬಿಟ್ಟರು, "ಯಾರ್ರೀ ನೀವು? ಯಾವ್ ರೋಡು? ಏನ್ ಲೆಕ್ಕ ಹಾಕ್ತಿದೀರ ದಿನಾ?" ಅವನು ಆಕೆಯ ಮುಖವನ್ನೇ ನೋಡಿದ. ಬಾಯಿ ಎರಡು ಸಲ ತೆರೆದ, ಮುಚ್ಚಿದ. ಮತ್ತೆ ಒಂದರಿಂದ ಎಣಿಸಿಕೊಂಡು ಹೊರಟ. ಕೇಳಿದ್ದಕ್ಕೆ ಉತ್ತರ ಕೊಡಲು ನಾಲಿಗೆ ಇಲ್ಲ, ಎಣಿಕೆ ಮಾತ್ರ ಪಟಪಟ!

ಅವತ್ತು ಮನೆಗೆ ಬಂದು ಬಿಪಿ ನೋಡಿಕೊಂಡರೆ ನೂರ ಎಪ್ಪತ್ತು. ಭಾರ ಇಳಿಸಿಕೊಳ್ಳಲು ಹೋಗುವ ಜಾಗದಿಂದಲೇ ಭಾರ ಹೊತ್ತು ತರುತ್ತಿದ್ದೇನೆ. ಎರಡು ದಿನ ಹೋಗಲೇ ಇಲ್ಲ. ಹೀಗಾದರೆ ಡಾಕ್ಟರು ಹೇಳಿದಂತೆ ಆರು ತಿಂಗಳಿಗೆ ನಾನು ಮನೆಯೊಳಗೇ.

ನನಗೆ ಸುಮ್ಮಸುಮ್ಮನೆ ಅನುಮಾನ ಅಂತ ಇವರು ನಗುತ್ತಾರೆ. ನನ್ನ ಅನುಮಾನ ಯಾವತ್ತಾದರೂ ಸುಳ್ಳಾಗಿದೆಯಾ ಅಕ್ಕ? ಅಪ್ಪನ ನಶ್ಯದ ಡಬ್ಬಿ ಬಚ್ಚಿಟ್ಟವರು ನಾವು ಅಂತ ಅಪ್ಪನಿಗೆ ಹೇಳಿಕೊಟ್ಟದ್ದು ಪಾತ್ರೆ ತೊಳೆಯುವ ಪಿಳ್ಳಮ್ಮ ಎಂದು ಏಳು ವರ್ಷಕ್ಕೇ ಕಂಡುಹಿಡಿದವಳು ನಾನು. ಅವಳ ಜೊತೆ ಆಮೇಲೆ ಮಾತೇ ಬಿಟ್ಟೆ.

ಏನು ಮಾಡಲಿ, ಹೇಳು.

ಚೂಡಾಮಣಿ


ಧಾರವಾಡ
೧೦ ಡಿಸೆಂಬರ್ ೨೦೨೪

ಚೂಡಿ,

ನೂರ ಎಪ್ಪತ್ತು ಅಂದರೆ ತಮಾಷೆಯಲ್ಲ. ಕಂಡವರಿಗೆ ಹೆದರಿ ನೀನು ಮನೆ ಸೇರುವುದನ್ನು ನಾನು ಒಪ್ಪುವುದಿಲ್ಲ. ಅಮ್ಮ ಕೊನೆಯ ಎರಡು ವರ್ಷ ಕಿಟಕಿ ಹತ್ತಿರ ಕೂತೇ ಕಳೆದದ್ದು ಮರೆತೆಯಾ?

ಜಗಳಕ್ಕೆ ಹೋಗಬೇಡ. ನಾನು ಹೆಡ್‌ಮಿಸ್ ಆಗಿದ್ದಾಗ ಪುಂಡ ಹುಡುಗನನ್ನು ಹೆಸರು ಹಿಡಿದು ಬೈಯುತ್ತಿರಲಿಲ್ಲ, ಎಲ್ಲರಿಗೂ ಅನ್ವಯಿಸುವ ಒಂದು ನಿಯಮ ಮಾಡುತ್ತಿದ್ದೆ. ಪುಂಡನೊಬ್ಬನಿಗೆ ಮಾತ್ರ ಅದು ಚುಚ್ಚುತ್ತಿತ್ತು. ಸಂಘದ ಅಧ್ಯಕ್ಷರು ನಿನ್ನ ಗೆಳತಿಯ ಗಂಡ ಅಲ್ಲವೇ? ಸಹಿ ಸಂಗ್ರಹ ಮಾಡು. ಬೋರ್ಡು ಹಾಕಿಸು. ಒಕ್ಕಣೆ ನಾನೇ ಬರೆದುಕೊಡುತ್ತೇನೆ, ನಿನ್ನ ಕೈಲಿ ಬಿಟ್ಟರೆ ಪುರಾಣ ಬರೆಯುತ್ತೀಯೆ:

"ಇದು ಪ್ರದಕ್ಷಿಣೆಯ ಹಾದಿ. ಎಲ್ಲರೂ ಬಲಸುತ್ತಿನಲ್ಲಿಯೇ ನಡೆಯತಕ್ಕದ್ದು. ಎದುರು ದಿಕ್ಕಿನಿಂದ ಬರುವವರಿಗೆ ಅವಕಾಶವಿಲ್ಲ."

ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸು. ಅವನು ಯೋಗ್ಯನಾದರೆ ತಿರುಗಿ ಸುತ್ತುತ್ತಾನೆ, ಕಷ್ಟವೇನಿದೆ? ಬೇರೆ ಉದ್ದೇಶದವನಾದರೆ ತಾನಾಗಿಯೇ ಬಿಟ್ಟುಹೋಗುತ್ತಾನೆ. ಎರಡರಲ್ಲಿ ಒಂದು ತಿಳಿಯುತ್ತದೆ.

ನಾಲ್ಕು ದಿನದಿಂದ ಬಲಗೈ ಬೆರಳು ಜುಂ ಅನ್ನುತ್ತಿದೆ. ಚಳಿಗೆ ಇರಬೇಕು. ಧನುರ್ಮಾಸ ಬರುತ್ತಿದೆ, ಪೊಂಗಲಿಗೆ ಮೆಣಸು ಜಾಸ್ತಿ ಹಾಕಬೇಡ.

ರಂಗನಾಯಕಿ


ಬಸವನಗುಡಿ
೨೭ ಡಿಸೆಂಬರ್ ೨೦೨೪

ಅಕ್ಕ,

ಬೋರ್ಡು ನಿಂತಿತು! ನಿನ್ನ ಒಕ್ಕಣೆ ಒಂದಕ್ಷರ ಬದಲಾಯಿಸದೆ, ನೀಲಿಯ ಮೇಲೆ ಬಿಳಿ. ಗೇಟಿನ ಒಳಗೆ ಕಾಲಿಟ್ಟರೆ ಮೊದಲು ಕಾಣುವುದೇ ಅದು. ದಾರಿಯ ಮೇಲೂ ಬಾಣದ ಗುರುತು ಹಾಕಿಸಿದ್ದಾರೆ. ಅರವತ್ತೆರಡು ಸಹಿ ಮಾಡಿಸಿದೆ, ಒಂದು ಬೆಂಚೂ ಬಿಡದೆ. "'ತಕ್ಕದ್ದು' ಅಂತ ಬರ್ದಿದೀರಲ್ಲ ಮೇಡಂ, ಗೌರ್ಮೆಂಟ್ ಆರ್ಡರ್ ಇದ್ದಂಗಿದೆ" ಅಂದರು ಮರಿಯಣ್ಣ. ನಮ್ಮ ಅಕ್ಕ ಅಂದೆ, ಹೆಮ್ಮೆಯಿಂದ.

ಮೊದಲ ದಿನ ಅವನು ಬಂದು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತ. ಸೆಕ್ಯೂರಿಟಿಯವನು ಕೈ ತೋರಿಸಿ, "ಯಜಮಾನ್ರೇ, ಈ ಕಡೆಯಿಂದ" ಅಂದ. ನಾವು ಕಂಬಿ ಹತ್ತಿರ ನಿಂತು ನೋಡುತ್ತಿದ್ದೆವು.

ಆಮೇಲಿನದು ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಇವರು ಪೋಸ್ಟಿಗೆ ಹೊರಟು ನಿಂತಿದ್ದಾರೆ. ನಿನ್ನೆ ಆರು ಗಂಟೆ ನಿದ್ದೆ ಮಾಡಿದೆ.

ಚೂಡಾಮಣಿ


ಬಸವನಗುಡಿ
೨೪ ಜನವರಿ ೨೦೨೫

ಅಕ್ಕ,

ಸಂಕ್ರಾಂತಿ ಹೋಯಿತು. ನಿನ್ನ ಕಾಗದವಿಲ್ಲ. ಎಳ್ಳು ಕಳಿಸಿದ್ದೆ, ಮುಟ್ಟಿತು ಅಂತಲೂ ತಿಳಿಸಲಿಲ್ಲ. ನಾನು ಕಾಗದ ಬರೆದ ಹದಿನೈದು ದಿನದೊಳಗೆ ನಿನ್ನ ಉತ್ತರ ಬರದಿದ್ದದ್ದೇ ಇಲ್ಲ.

ಶ್ರೀವಿದ್ಯಾಗೆ ಫೋನ್ ಮಾಡಿದೆ. "ಅತ್ತೆ ಚೆನ್ನಾಗಿದಾರೆ ಚಿಕ್ಕಮ್ಮ, ಮಲಗಿದಾರೆ" ಅಂದಳು. ಬೆಳಿಗ್ಗೆ ಹನ್ನೊಂದಕ್ಕೆ ನೀನು ಮಲಗುವವಳಾ? ಎರಡು ದಿನ ಬಿಟ್ಟು ಆತ್ರೇಯನಿಗೆ ಮಾಡಿದರೆ, "ಅಮ್ಮ ಸ್ನಾನಕ್ಕೆ ಹೋಗಿದಾರೆ ಚಿಕ್ಕಮ್ಮ, ನಾನೇ ಮಾಡಿಸ್ತೀನಿ" ಅಂದ. ಏನು ಮಾಡಿಸುತ್ತಾನೆ? ಫೋನೋ, ಸ್ನಾನವೋ? ಇಬ್ಬರೂ ಏನೋ ಮುಚ್ಚಿಡುತ್ತಿದ್ದಾರೆ. ನನ್ನ ಮೇಲೆ ನಿನಗೆ ಕೋಪವೇ? ಅದನ್ನಾದರೂ ಬರೆದು ತಿಳಿಸು.

ಪಾರ್ಕಿನದು ಮುಗಿಯಿತು. ಅವನು ಈಗ ಬರುವುದಿಲ್ಲ. ಬಿಟ್ಟುಹೋದರೆ ಉದ್ದೇಶ ಬೇರೆ ಇತ್ತು ಅಂತ ನೀನು ಬರೆದಿದ್ದೆಯಲ್ಲ, ಹಾಗೇ ಆಯಿತು. ನಾನು ದಿನಾ ಎಂಟು ಸುತ್ತು ಹಾಕುತ್ತೇನೆ, ಎದುರು ಯಾರೂ ಇಲ್ಲ. ಆದರೂ ಅರಳಿಕಟ್ಟೆಯ ತಿರುವಿನಲ್ಲಿ ಕಣ್ಣು ತಾನಾಗಿ ಮುಂದೆ ಹೋಗುತ್ತದೆ. ಯಾಕೋ ಗೊತ್ತಿಲ್ಲ.

ಬೇಗ ಬರಿ.

ಚೂಡಾಮಣಿ


ಧಾರವಾಡ
೬ ಫೆಬ್ರವರಿ ೨೦೨೫

ಚೂಡಿ

ಕೋಪವಿಲ್ಲ. ಎಳ್ಳು ಬಂತು. ಪೆನ್ನು ಸರಿಯಿಲ್ಲ. ಅದಕ್ಕೆ ಅಕ್ಷರ ಹೀಗೆ. ಚೆನ್ನಾಗಿದ್ದೇನೆ. ಅವನು ಹೇಗೆ ಹೋದ ಬರಿ. ಪೂರ್ತಿ ಬರಿ.

ಅಕ್ಕ


ಬಸವನಗುಡಿ
೧೪ ಫೆಬ್ರವರಿ ೨೦೨೫

ಈ ಕಾಗದ ಯಾರು ಓದುತ್ತಿದ್ದೀರೋ ಅವರಿಗೆ,

ನಾನು ದಡ್ಡಿಯಲ್ಲ. ಅದು ನಮ್ಮಕ್ಕನ ಅಕ್ಷರವಲ್ಲ. ಪೆನ್ನು ಸರಿಯಿಲ್ಲವಂತೆ! ಸಾಲು ಬೆಟ್ಟ ಹತ್ತಿ ಇಳಿದಿದೆ, ಒಂದೊಂದು ಅಕ್ಷರ ಹುಣಸೆ ಬೀಜದಷ್ಟು ದಪ್ಪ. ನನ್ನ 'ಳ' ತಿದ್ದುವ ಅಕ್ಕ ಹೀಗೆ ಬರೆಯುತ್ತಾಳಾ? ಪೂರ್ಣವಿರಾಮದಲ್ಲಿ ಪೆನ್ನು ಒತ್ತಿ ಕಾಗದ ತೂತಾಗಿದೆ. ಶ್ರೀವಿದ್ಯಾ, ನೀನೇ ಬರೆದಿದ್ದರೆ ಈಗಲೇ ಹೇಳಿಬಿಡು. ಅಕ್ಕನಿಗೆ ಏನಾಗಿದೆ? ನನ್ನ ಕಾಗದ ಅವಳ ಕೈಗೆ ಕೊಡುತ್ತಿದ್ದೀಯಾ?

ಅಕ್ಕ, ಇದು ನಿನ್ನ ಕೈಗೇ ಬಂದಿದ್ದರೆ ಒಂದು ಪ್ರಶ್ನೆ. ನಮ್ಮಿಬ್ಬರನ್ನು ಬಿಟ್ಟು ಬದುಕಿರುವ ಯಾರಿಗೂ ಉತ್ತರ ಗೊತ್ತಿಲ್ಲ. ಅಪ್ಪನ ನಶ್ಯದ ಡಬ್ಬಿಯನ್ನು ನಾವು ಎಲ್ಲಿ ಬಚ್ಚಿಟ್ಟಿದ್ದೆವು? ಸರಿಯಾದ ಉತ್ತರ ಬರದಿದ್ದರೆ ಇವರನ್ನು ಕರೆದುಕೊಂಡು ಮುಂದಿನ ರೈಲಿಗೆ ಹತ್ತುತ್ತೇನೆ.

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಕೇಳಿದವರು ಯಾರೇ ಆಗಲಿ. ಬೋರ್ಡು ಓದಿದ ಮೇಲೆ ಅವನು ಬಲಸುತ್ತು ನಡೆಯಲು ನೋಡಿದ. ನಾಟಕ ನೋಡಬೇಕಿತ್ತು. ಕಂಬಿ ಈಗ ಅವನ ಬಲಕ್ಕೆ ಬಂತಲ್ಲ. ಬಲಗೈಯೋ ಜೇಬು ಬಿಟ್ಟು ಬರುವುದಿಲ್ಲ. ಅದಕ್ಕೆ ಎಡಗೈಯನ್ನು ಎದೆಯ ಮೇಲಿಂದ ಅಡ್ಡ ಚಾಚಿ ಕಂಬಿ ಹಿಡಿದು, ಪೂರ್ತಿ ಕಟ್ಟೆಯ ಕಡೆಗೆ ತಿರುಗಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕಿದ. ಮುನಿಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಹಿಂದೆ ಬರುವವರು "ಸ್ವಲ್ಪ ಬೇಗ ಹೋಗಿ ಸಾರ್" ಅನ್ನುತ್ತಿದ್ದರು. ಎರಡನೇ ದಿನ ಕಂಬಿ ಬಿಟ್ಟು ದಾರಿಯ ಮಧ್ಯೆ ನಾಲ್ಕು ಹೆಜ್ಜೆ ನಡೆದು ಸುಮ್ಮನೆ ನಿಂತುಬಿಟ್ಟ. ಅಲ್ಲೇ ಬೆಂಚಿನ ಮೇಲೆ ಅರ್ಧ ಗಂಟೆ ಕೂತ. ಎಣಿಕೆಯೂ ಇಲ್ಲ. ಹುಡುಗಿ ಬಂದು ಕರೆದುಕೊಂಡು ಹೋದಳು. ಅದೇ ಕೊನೆ.

ನಶ್ಯದ ಡಬ್ಬಿ. ಮರೆಯಬೇಡ.

ಚೂಡಾಮಣಿ


ಧಾರವಾಡ
೫ ಮಾರ್ಚ್ ೨೦೨೫

ಚೂಡಿ

ತುಳಸಿಕಟ್ಟೆಯ ದೀಪದ ಗೂಡು. ದೀಪದ ಹಿಂದೆ. ಡಬ್ಬಿಗೆ ಎಣ್ಣೆ ಮೆತ್ತಿತ್ತು. ಸಾಕೇ?

ಇನ್ನೊಂದು. ಅಪ್ಪನಿಗೆ ಹೇಳಿದ್ದು ಪಿಳ್ಳಮ್ಮ ಅಲ್ಲ. ನಾನು. ಏಟಿಗೆ ಹೆದರಿ ಮೊದಲೇ ಹೋಗಿ ಹೇಳಿಬಿಟ್ಟೆ. ನೀನು ಅವಳನ್ನು ಅನುಮಾನಿಸಿದೆ. ನನಗೆ ಅನುಕೂಲವಾಯಿತು, ಸುಮ್ಮನಿದ್ದೆ. ಐವತ್ತೇಳು ವರ್ಷ ಸುಮ್ಮನಿದ್ದೆ.

ಈ ಕಾಗದ ಎಂಟು ದಿನದಿಂದ ಬರೆಯುತ್ತಿದ್ದೇನೆ. ಎಡಗೈಯಲ್ಲಿ. ಪೆನ್ನು ಸರಿಯಿದೆ. ನಾನು ಸರಿಯಿಲ್ಲ.

ಡಿಸೆಂಬರ್ ಹತ್ತೊಂಬತ್ತು, ಬೆಳಿಗ್ಗೆ ಪೊಂಗಲ್ ತಿರುವುತ್ತಿದ್ದೆ. ಸೌಟು ಬಿತ್ತು. ಎತ್ತಿಕೊಳ್ಳಲು ಹೋದೆ. ಕೈ ಬರಲಿಲ್ಲ. ಬಲಗೈ, ಬಲಗಾಲು. ಹನ್ನೊಂದು ದಿನ ಆಸ್ಪತ್ರೆ. ಮಾತು ಉಳಿಯಿತು, ಪುಣ್ಯ. ನಿನಗೆ ಹೇಳಬೇಡಿ ಅಂದದ್ದು ನಾನೇ. ಮಕ್ಕಳನ್ನು ಬೈಯಬೇಡ. ನಿನ್ನ ನೂರ ಎಪ್ಪತ್ತು ನೆನಪಿತ್ತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಅಕ್ಷರ ತಿದ್ದುವವಳು ಹೀಗೆ ಬರೆಯುವುದು.

ಶ್ರೀವಿದ್ಯಾ ಸ್ನಾನ ಮಾಡಿಸುತ್ತಾಳೆ. ತಲೆ ಬಾಚುತ್ತಾಳೆ. ಅವಳ ಬಗ್ಗೆ ಉಪ್ಪಿನ ಮಾತು ಬರೆದಿದ್ದೆ. ಡಾಕ್ಟರು ಉಪ್ಪು ಬೇಡ ಅಂದಿದ್ದರಂತೆ, ಆಗಲೇ.

ಈಗ ಮುಖ್ಯದ್ದು. ಗಮನವಿಟ್ಟು ಓದು.

ನಮ್ಮ ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಆತ್ರೇಯ ಒಂದು ಕಂಬಿ ಹಾಕಿಸಿದ್ದಾನೆ. ಒಂದೇ ಗೋಡೆಗೆ. ಹೋಗುವಾಗ ಅದು ನನ್ನ ಎಡಗೈಗೆ ಸಿಗುತ್ತದೆ. ಹನ್ನೆರಡು ಹೆಜ್ಜೆ, ಎಣಿಸಿಕೊಂಡು ಹೋಗುತ್ತೇನೆ. ಎಣಿಸದಿದ್ದರೆ ಕಾಲು ಮರೆಯುತ್ತದೆ. ಬರುವಾಗ ಕಂಬಿ ಬಲಕ್ಕೆ. ಬಲಗೈ ಸತ್ತಿದೆ. ಎಡಗೈ ಅಡ್ಡ ಚಾಚಿ, ಗೋಡೆಗೆ ಮುಖ ಮಾಡಿ, ಅಡ್ಡಡ್ಡ ಬರುತ್ತೇನೆ.

ಏಡಿಯ ಹಾಗೆ. ನೀನು ಬರೆದ ಮಾತೇ.

ಆ ಸಾಲು ಓದಿ ಪೆನ್ನು ಕೆಳಗಿಟ್ಟೆ. ಎರಡು ದಿನ ಬರೆಯಲಾಗಲಿಲ್ಲ. ಚೂಡಿ, ಆ ಕಂಬಿ ಗಿಡಕ್ಕೆ ಹಾಕಿದ್ದಲ್ಲ. ಅದು ಅವರಿಗೆ ಹಾಕಿದ್ದು. ಎಡಸುತ್ತು ಬಂದರೆ ಮಾತ್ರ ಅವರ ಎಡಗೈಗೆ ಸಿಗುತ್ತದೆ. ಅವರು ನಿಮ್ಮ ಬಳೆ ನೋಡಲಿಲ್ಲ. ಕೈ ತೆಗೆಯಲಿ ಎಂದು ಕಾದರು. ಕೇಳಲು ಮಾತಿರಲಿಲ್ಲ.

ನೀನು ನಕ್ಕೆ. ಸರಿ. ಒಕ್ಕಣೆ ಬರೆದವಳು ನಾನು. ತಿರುಗಿ ಸುತ್ತಲು ಕಷ್ಟವೇನಿದೆ ಅಂತ ಬರೆದವಳೂ ನಾನು.

ಓಡಿ ಬರಬೇಡ. ಬೋರ್ಡು ತೆಗೆಸು. ಅವರನ್ನು ಹುಡುಕಿ ಕರೆದು ತಾ. ಆಮೇಲೆ ಬಾ.

ಅಕ್ಕ


ಬಸವನಗುಡಿ
೨೦ ಮಾರ್ಚ್ ೨೦೨೫

ಅಕ್ಕ,

ನಿನ್ನ ಕಾಗದ ಕೈಸೇರಿ ಹತ್ತು ದಿನವಾಯಿತು. ಓದಿದ ಗಳಿಗೆಯೇ ಚೀಲಕ್ಕೆ ಸೀರೆ ತುಂಬಿದೆ. ನಿನ್ನ ಕೊನೆಯ ಸಾಲು ಓದಿ ಮತ್ತೆ ತೆಗೆದಿಟ್ಟೆ. ಅತ್ತದ್ದು ಎಷ್ಟು ಅಂತ ಬರೆಯುವುದಿಲ್ಲ. ಇವರು ಪಕ್ಕದಲ್ಲಿ ಕೂತಿದ್ದರು. "ಬಿಡೇ" ಅಂತ ಅವತ್ತು ಅನ್ನಲಿಲ್ಲ.

ಮಾರನೆಯ ದಿನ ಮುನಿಲಕ್ಷ್ಮಮ್ಮನಿಗೆ ನಿನ್ನ ಕಾಗದವನ್ನೇ ಓದಿ ಹೇಳಿದೆ, ಕಂಬಿ ಮುಟ್ಟದೆ ನಿಂತು. ಮರಿಯಣ್ಣ ಮೊದಲು ಗೊಣಗಿದರು, "ಹಾಕ್ಸಿದ್ದೂ ನೀವೇ, ತೆಗ್ಸೋದೂ ನೀವೇನಾ ಮೇಡಂ? ಅರವತ್ತೆರಡು ಜನಕ್ಕೆ ಏನಂತ ಹೇಳ್ಲಿ?" ಮುನಿಲಕ್ಷ್ಮಮ್ಮ ಗಂಡನ ಮೇಲೆ ಹರಿಹಾಯ್ದರು. "ತಪ್ಪಾಯ್ತು ಅಂತ ಹೇಳ್ರೀ. ಬಾಯಿ ಇದೆಯಲ್ಲ ನಿಮಗೆ, ಆ ಮನುಷ್ಯನಿಗೆ ಅದೂ ಇಲ್ಲ." ಸಂಜೆಗೆ ಬೋರ್ಡು ಕೆಳಗಿಳಿಯಿತು. ಬಾಣಗಳ ಮೇಲೆ ಬಣ್ಣ ಬಳಿದರು, ಆದರೂ ಬಿಸಿಲಿನಲ್ಲಿ ಮಸುಕಾಗಿ ಕಾಣುತ್ತವೆ.

ಅವರನ್ನು ಹುಡುಕಲು ಮೂರು ದಿನ ಹಿಡಿಯಿತು. ಇಷ್ಟು ದಿನ ಅವರ ಮೇಲೆ ಕಣ್ಣಿಟ್ಟಿದ್ದೆ, ಹೆಸರು ಕೇಳಿರಲಿಲ್ಲ. ಗೇಟಿನ ಹೂವಿನವಳಿಗೆ ಗೊತ್ತಿತ್ತು. ಚಂದ್ರಶೇಖರಯ್ಯ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದವರು. ನಮ್ಮಿಂದ ಎರಡೇ ರಸ್ತೆ ಆಚೆ ಮನೆ. ಬಾಗಿಲು ತೆಗೆದವಳು ಆ ಸ್ಕೂಟರಿನ ಹುಡುಗಿ, ಮಗಳು ಯಶಶ್ರೀ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಸಹಿ ಮಾಡ್ಸಿದ್ದು ನೀವೇ ಅಲ್ವಾ?"

"ಹೌದಮ್ಮ. ನಾನೇ."

"ಇನ್ನೇನು ಬೇಕು ನಿಮಗೆ?"

ಕ್ಷಮೆ ಕೇಳಲು ಬಂದೆ ಅಂದೆ. ಅವಳು ಬಾಗಿಲಿನಿಂದ ಸರಿಯಲಿಲ್ಲ. "ಅವರಿಗೆ ಮಾತು ಹೋಗಿದೆ ಆಂಟಿ, ಅಂಕಿ ಮಾತ್ರ ಉಳ್ಕೊಂಡಿದೆ. ಎಷ್ಟು ಹೆಜ್ಜೆ ಆಯ್ತು ಅಂತ ದಿನಾ ಬಂದು ನನಗೆ ಹೇಳೋರು, ಮುನ್ನೂರು ಆಗಿತ್ತು. ಆ ಬೋರ್ಡ್ ಓದ್ಕೊಂಡು ಬಂದು ಎರಡು ದಿನ ಊಟ ಮಾಡ್ಲಿಲ್ಲ. ಅಪ್ಪನಿಗೆ ಹೇಳೋಕೆ ಬರಲ್ಲ, ಓದೋಕೆ ಚೆನ್ನಾಗಿ ಬರುತ್ತೆ." ಅವಳ ಹಿಂದೆ ಅವರು ಕಾಣುತ್ತಿದ್ದರು. ಊಟದ ಮೇಜಿನ ಅಂಚು ಹಿಡಿದು ನಿಂತಿದ್ದರು. ಬಲಗೈ ಜೇಬಿನಲ್ಲಿರಲಿಲ್ಲ, ಸುಮ್ಮನೆ ಜೋತುಬಿದ್ದಿತ್ತು. ಎರಡು ತಿಂಗಳು ಆ ಕೈಗೆ ಹೆದರಿದ್ದೆ ನಾನು. ಬೋರ್ಡು ತೆಗೆದಿದ್ದೇವೆ ಮೇಷ್ಟ್ರೇ, ನಮ್ಮಕ್ಕನಿಗೂ ಹೀಗೇ ಆಗಿದೆ, ಬನ್ನಿ ಅಂದೆ. ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಇನ್ನೊಂದು ಸಹಿಯ ಕಾಗದ ತಂದಿದ್ದೇನೆ ಅಂದುಕೊಂಡರೋ ಏನೋ. ಯಶಶ್ರೀ ಬಾಗಿಲು ಹಾಕಿಕೊಂಡಳು.

ಐದು ದಿನ ಬರಲಿಲ್ಲ. ನಾನು ದಿನಾ ಆರೂವರೆಗೆ ಗೇಟಿನಲ್ಲಿ ನಿಂತು ಕಾದೆ. ಅಕ್ಕ, ಮೊದಲು ಯಾವ ಸ್ಕೂಟರ್ ಸದ್ದಿಗೆ ಎದೆ ಹಾರುತ್ತಿತ್ತೋ, ಈಗ ಅದೇ ಸದ್ದಿಗೆ ಕಾದೆ.

ಇವತ್ತು ಬಂದರು. ಬೋರ್ಡಿದ್ದ ಜಾಗದಲ್ಲಿ ಎರಡು ತೂತು ಮಾತ್ರ ಇವೆ, ಅವನ್ನು ನೋಡಿದರು. ಎಡಗೈಗೆ ಕಂಬಿ ಹಿಡಿದು ಎಡಸುತ್ತು ಹೊರಟರು. "ಒಂದು, ಎರಡು" ಕೇಳಿಸಿತು. ಕಂಬಿಯ ಮೇಲೆ ಒಂದು ಚೀಲವಿಲ್ಲ, ಒಂದು ಸ್ವೆಟರಿಲ್ಲ. ನಾನು ಎಂದಿನಂತೆ ಬಲಸುತ್ತು ಬರುತ್ತಿದ್ದೆ. ಅರಳಿಕಟ್ಟೆಯ ತಿರುವಿನಲ್ಲಿ ಎದುರುಬದುರಾದೆವು. ಅವರು ಎಣಿಕೆ ನಿಲ್ಲಿಸಿ ನಿಂತುಬಿಟ್ಟರು. ಈ ಹೆಂಗಸು ಇನ್ನೇನು ಮಾಡುತ್ತಾಳೋ ಎಂಬ ಅನುಮಾನ ಅವರ ಮುಖದ ತುಂಬ ಇತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಆಗಸ್ಟಿನಿಂದ ಕನ್ನಡಿಯಲ್ಲಿ ನೋಡುತ್ತಿದ್ದೇನೆ. ಏನು ಹೇಳಬೇಕೋ ತೋಚಲಿಲ್ಲ. ಪೊಲೀಸರ ಎದುರು ಕಳ್ಳರು ನಿಲ್ಲುವ ಹಾಗೆ ಎರಡೂ ಕೈ ಮೇಲೆತ್ತಿ, ಪಕ್ಕಕ್ಕೆ ಸರಿದು ನಿಂತೆ.

ಅವರು ನನ್ನ ಎತ್ತಿದ ಕೈಗಳನ್ನು ನೋಡಿದರು. ಆಮೇಲೆ "ನೂರ ಹನ್ನೆರಡು" ಅಂದರು, ನನಗೇ ಹೇಳುವ ಹಾಗೆ, ಮುಖ ನೋಡಿ. ಮುಂದೆ ಹೋದರು.

ನಾಡಿದ್ದು ಶನಿವಾರ ಬೆಳಿಗ್ಗೆ ಧಾರವಾಡದಲ್ಲಿರುತ್ತೇನೆ. ಹುರಿದ ಕಡಲೆಕಾಯಿ ಮುಗ್ಗಾಗಿದೆ, ಹೊಸದು ತರುತ್ತೇನೆ. ಉಪ್ಪು ಹಾಕಿಲ್ಲ, ಶ್ರೀವಿದ್ಯಾಗೆ ಹೇಳು. ನಿನ್ನ ಎಡಗೈ ಅಕ್ಷರದಲ್ಲಿ ತಿದ್ದುವಂಥದ್ದು ನನಗೇನೂ ಕಾಣಲಿಲ್ಲ. ಪಿಳ್ಳಮ್ಮನ ವಿಷಯ ಮಾತ್ರ ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ, ಬಿಡುವುದಿಲ್ಲ.

ಇನ್ನೊಂದು ಗೋಡೆಗೂ ಕಂಬಿ ಹಾಕಿಸಲು ಆತ್ರೇಯನಿಗೆ ಹೇಳು. ಅಲ್ಲಿಯವರೆಗೆ, ಹೋಗುವಾಗ ಕಂಬಿ ಹಿಡಿದುಕೋ. ಬರುವಾಗ ನನ್ನನ್ನು ಹಿಡಿದುಕೋ.

ಚೂಡಿ